ವಾಸಣ್ಣ ತಂದ ಬೊಂಡ

ತಟ್ಟೆಗೆ ಬಿಸಿ ಗೋಳಿಬಜೆ ಹಾಕುತ್ತಲೇ, "ಕರುಳಿಗೆ ಕ್ಯಾಮರಾ ಹಾಕಿಸಿದ್ರಾ?" ಎಂದು ಗಿರಾಕಿಯನ್ನು ಕೇಳುವ ಹೋಟೆಲಿನವರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೋ ಗೊತ್ತಿಲ್ಲ. ನಾನು ಕಂಡದ್ದು ಒಬ್ಬನನ್ನೇ. ಅವನು ಮೆಲ್ಕಾರಿನ ವಾಸಣ್ಣ. ಅವನ ಹೋಟೆಲು ರಸ್ತೆಯ ಆಚೆ ಬದಿಗೆ, ನನ್ನದು ಈಚೆ ಬದಿಗೆ. ಅಂಥ ಪ್ರಶ್ನೆಯನ್ನು ನಾನು ಕೇಳಿದ್ದರೆ ಗಿರಾಕಿ ಕೈ ತೊಳೆದು ಎದ್ದು ಹೋಗುತ್ತಿದ್ದ. ಅವನು ಕೇಳಿದರೆ ಇನ್ನೊಂದು ಚಹಾ ಹೇಳಿ ಕೂತು ಕೇಳುತ್ತಿದ್ದರು. ಈ ಅನ್ಯಾಯವನ್ನು ನಾನು ಗಲ್ಲಾದಲ್ಲಿ ಕೂತು ವರ್ಷಗಟ್ಟಲೆ ನೋಡಿದ್ದೇನೆ.

ಹೊಟ್ಟೆಕಿಚ್ಚು ಎಂದು ನೀವು ಹೇಳಬಹುದು. ಹೌದು, ಹೊಟ್ಟೆಕಿಚ್ಚೇ. ನನ್ನ ಗೋಳಿಬಜೆ ಗುಂಡಗೆ ಗೋಲಿಯ ಹಾಗೆ ಇರುತ್ತಿತ್ತು, ಅವನದಕ್ಕೆ ಅಡ್ಡಾದಿಡ್ಡಿ ಬಾಲ. ಆದರೂ ಬಸ್ಸಿನ ಡ್ರೈವರುಗಳು ಆಚೆ ಬದಿಗೇ ದಾಟುತ್ತಿದ್ದರು. ಹೆಗಲಿಗೊಂದು ಬೈರಾಸು ಹಾಕಿಕೊಂಡು, ಮುಂಡನ್ನು ಮೇಲಕ್ಕೆ ಕಟ್ಟಿಕೊಂಡು, ಯಾರಿಗೆ ಸಕ್ಕರೆ ಕಮ್ಮಿ, ಯಾರ ಮಗಳಿಗೆ ಪರೀಕ್ಷೆ ಎಂಬುದನ್ನೆಲ್ಲ ಅವನು ನೆನಪಿಟ್ಟು ಕೇಳುತ್ತಿದ್ದ. ಬೇಸಿಗೆಯಲ್ಲಿ ಬೆಳುವಾಯಿಯ ತನ್ನ ಮನೆಯ ಮರದ ಪುನರ್ಪುಳಿ ಹಣ್ಣಿನಿಂದ ಕಡುಕೆಂಪು ಶರಬತ್ತು ಮಾಡಿಡುತ್ತಿದ್ದ. ನನ್ನ ಹೆಂಡತಿಯೇ ಅದನ್ನು ತರಿಸಿ ಕುಡಿದವಳು! ಊರಿಗೆಲ್ಲ ಅವನು ವಾಸಣ್ಣ. ನಾನು ಅವನಿಗಿಂತ ಒಂದು ವರ್ಷ ದೊಡ್ಡವ, ನನ್ನನ್ನು ಅಣ್ಣ ಎಂದವರಿಲ್ಲ. ನಾನು ಬರೀ 'ಎದುರಿನ ಹೋಟೆಲಿನವರು'.

ಅವನ ತಲೆಗೆ ಕ್ಯಾಮರಾ ಹೊಕ್ಕದ್ದು ಅವನ ಅಣ್ಣ ತೀರಿಹೋದ ಮೇಲೆ. ಅಣ್ಣನಿಗೆ ಮಲದಲ್ಲಿ ರಕ್ತ ಹೋಗುತ್ತಿತ್ತು. ನಮ್ಮ ಕಡೆ ಅದಕ್ಕೆ ಎರಡೇ ಹೆಸರು: ಒಂದು ಉಷ್ಣ, ಇನ್ನೊಂದು ಮೂಲವ್ಯಾಧಿ. ಆತ ತಂಪಿಗೆಂದು ಮಜ್ಜಿಗೆ ಕುಡಿದ, ಬೇರಿನ ಕಷಾಯ ಕುಡಿದ, ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾಗುವಾಗ ಹೊತ್ತು ಮೀರಿತ್ತು. ಒಡಹುಟ್ಟಿದವರು ತೊಂದರೆ ಇಲ್ಲದಿದ್ದರೂ ಒಮ್ಮೆ ಕೊಲೊನೋಸ್ಕೋಪಿ, ಅಂದರೆ ಕರುಳಿಗೆ ಕ್ಯಾಮರಾ ಹಾಕಿ ನೋಡುವ ಪರೀಕ್ಷೆ, ಮಾಡಿಸಿಕೊಳ್ಳಬೇಕೆಂದು ಮಂಗಳೂರಿನ ಡಾಕ್ಟರು ಹೇಳಿದರು. ಉಳಿದವರು ತಲೆಯಾಡಿಸಿ ಮನೆಗೆ ಬಂದರು. ವಾಸಣ್ಣ ದಿನ ಗೊತ್ತುಮಾಡಿಯೇ ಬಂದ.

ಹಿಂದಿನ ದಿನ ಪುಡಿ ಕದಡಿದ ನೀರು ಕುಡಿದು ಕರುಳನ್ನು ತೊಳೆದುಕೊಳ್ಳಬೇಕು, ಅನ್ನ ಇಲ್ಲ, ತಿಳಿಯಾದ ಪಾನೀಯ ಮಾತ್ರ ಎಂದು ಅವನಿಗೆ ಹೇಳಿದ್ದರು. ತಿಳಿ ಎಂದರೆ ಚರಟ ಇಲ್ಲದ್ದು ತಾನೆ ಎಂದುಕೊಂಡು ಈ ಪುಣ್ಯಾತ್ಮ ತನ್ನದೇ ಪುನರ್ಪುಳಿಯನ್ನು ಸೋಸಿ ಸೋಸಿ ಚೊಂಬುಗಟ್ಟಲೆ ಕುಡಿದಿದ್ದಾನೆ. ಮರುದಿನ ಡಾಕ್ಟರು ಒಳಗೆ ನೋಡಿದರೆ ಎಲ್ಲಿ ನೋಡಿದರೂ ಕೆಂಪು. ಯಾವುದು ರಕ್ತ, ಯಾವುದು ಬಣ್ಣ ಎಂದು ತಿಳಿಯದೆ, "ಕೆಂಪು ಕುಡಿಯಬಾರದಿತ್ತು, ಇನ್ನೊಮ್ಮೆ ಬನ್ನಿ" ಎಂದು ಕಳಿಸಿದರು.

ನಾನಾಗಿದ್ದರೆ ಸತ್ತರೂ ಹೊರಗೆ ಹೇಳುತ್ತಿರಲಿಲ್ಲ. ಅವನು ಬಂದವನೇ ಇಡೀ ಮೆಲ್ಕಾರಿಗೆ ಸಾರಿದ. "ನನ್ನ ಪುನರ್ಪುಳಿ ಎಷ್ಟು ಗಟ್ಟಿ ಅಂತ ಡಾಕ್ಟ್ರೇ ಸರ್ಟಿಫಿಕೇಟ್ ಕೊಟ್ಟರು ಮಾರಾಯ್ರೆ!" ಎಂದು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಡಾಕ್ಟರನ್ನು ಬೆಚ್ಚಿಬೀಳಿಸಿದ ಆ ಶರಬತ್ತನ್ನೇ ಕೇಳಿಕೊಂಡು ಜನ ಬರತೊಡಗಿದರು. ಅವನ ತಪ್ಪಿಗೂ ವ್ಯಾಪಾರ ಕುದುರಿತು. ದೇವರು ಯಾರ ಪಕ್ಷ ಎಂಬುದು ನನಗೆ ಅಂದೇ ಗೊತ್ತಾಯಿತು.

ಎರಡನೆಯ ಸಲ ಹೋದಾಗ ಅವನ ಕರುಳಿನ ಒಳಗೋಡೆಯಲ್ಲಿ ಕಡಲೆ ಗಾತ್ರದ ಗಂಟೊಂದು ಸಿಕ್ಕಿತು. ಅದನ್ನು ಪಾಲಿಪ್ ಎನ್ನುತ್ತಾರಂತೆ. ಬೆಳೆಯಲು ಬಿಟ್ಟರೆ ಕ್ಯಾನ್ಸರ್ ಆಗಬಹುದಾದದ್ದನ್ನು ಅದೇ ಕ್ಯಾಮರಾದ ಜೊತೆಯಲ್ಲೇ ತೆಗೆದುಹಾಕಿದರು. ಸಂಜೆಗೆ ಮನೆಗೆ ಬಂದ. ಆ ಮೇಲೆ ಅವನ ಬಾಯಿ ಕಟ್ಟುವವರಿಲ್ಲ.

ಒಂದು ಮಧ್ಯಾಹ್ನ ರಸ್ತೆ ದಾಟಿ ನನ್ನ ಗಲ್ಲಾದ ಹತ್ತಿರವೇ ಬಂದು ನಿಂತ.

"ಸದಾನಂದ, ನಿನಗೆ ಐವತ್ತು ಕಳೀತಲ್ಲ, ಒಮ್ಮೆ ನೋಡಿಸುವ."

"ನನಗೆ ಎಂತ ಆಗಿದೆ ಮಾರಾಯ? ಕಲ್ಲು ತಿಂದರೂ ಕರಗ್ತದೆ."

"ಏನೂ ಆಗದಿರುವಾಗಲೇ ನೋಡಿಸುವುದು. ಮಾಡಿನ ಹಂಚು ಮಳೆ ಬರುವ ಮೊದಲು ನೋಡ್ತೀಯಾ, ಚಾಪೆ ಒದ್ದೆಯಾದ ಮೇಲೆ ನೋಡ್ತೀಯಾ?"

ನನ್ನ ಹೋಟೆಲಿನಲ್ಲಿ ಕೂತಿದ್ದ ಗಿರಾಕಿಗಳೂ, "ಹೌದಲ್ಲ ವಾಸಣ್ಣ" ಎಂದರು. ನನ್ನ ಚಹಾ ಕುಡಿಯುತ್ತ! ಸಿಟ್ಟು ನೆತ್ತಿಗೇರಿತು. ನಾನೂ ಮಾಡಿಸುತ್ತೇನೆ, ಕೆಂಪುಗಿಂಪು ಕುಡಿಯದೆ ಒಂದೇ ಸಲಕ್ಕೆ ಮುಗಿಸಿ, ಏನೂ ಇಲ್ಲ ಎಂಬ ರಿಪೋರ್ಟನ್ನು ಗಲ್ಲಾದ ಹಿಂದೆ ತೂಗುಹಾಕುತ್ತೇನೆ ಎಂದು ಹಟ ಹಿಡಿದೆ. ಆರೋಗ್ಯದ ಆಸೆಯಿಂದ ಹೋದವನಲ್ಲ ನಾನು, ಅವನ ಮೇಲಿನ ಮತ್ಸರದಿಂದ ಹೋದವನು.

ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಆದರೂ ಹಿಂದಿನ ದಿನ ವಾಸಣ್ಣ ನಾಲ್ಕು ಎಳನೀರಿನ ಬೊಂಡ ಹಿಡಿದುಕೊಂಡು ಮನೆಯ ಜಗಲಿಗೆ ಬಂದ. ಅವಳೇ ಹೇಳಿರಬೇಕು. "ಬೆಳುವಾಯಿಯ ನಮ್ಮ ಮರದ್ದು. ಬೊಂಡದ ನೀರು ಕುಡಿಯಬಹುದು, ನಾನು ಕೇಳಿಕೊಂಡೇ ಬಂದದ್ದು. ಪುನರ್ಪುಳಿ ಮಾತ್ರ ಮುಟ್ಟಬೇಡ," ಎಂದು ತಾನೇ ಕೆತ್ತಿ ಕೊಟ್ಟ. ಪುಡಿಯ ನೀರು ತನ್ನ ಕೆಲಸ ಶುರುಮಾಡಿ ನಾನು ಒಳಗೂ ಹೊರಗೂ ಓಡುತ್ತಿದ್ದರೆ, ಅವನು ಜಗಲಿಯಲ್ಲಿ ಕೂತು, "ಹೋಗು ಹೋಗು, ನಾನು ಇಲ್ಲೇ ಇದ್ದೇನೆ," ಎನ್ನುತ್ತಿದ್ದ. ಅಂದು ಅವನು ತನ್ನ ಹೋಟೆಲು ತೆರೆದಿರಲಿಲ್ಲ.

ನನ್ನ ಕರುಳಿನಲ್ಲಿ ಮೂರು ಗಂಟುಗಳಿದ್ದವು. ಒಂದು ಅಡಕೆಯಷ್ಟು ದೊಡ್ಡದು. ನೋವಿಲ್ಲ, ರಕ್ತವಿಲ್ಲ, ಒಂದು ದಿನವೂ ಹೊಟ್ಟೆ ಕೆಟ್ಟದ್ದಿಲ್ಲ. ಮೂರನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟು ಬಂದಾಗ ನೋಡಿದರೆ ದೊಡ್ಡದು ಕೆಡಲು ಹೊರಟಿತ್ತು, ಇನ್ನೂ ಕೆಟ್ಟಿರಲಿಲ್ಲ. "ಕೆಲವು ವರ್ಷ ಬಿಟ್ಟು ಬಂದಿದ್ದರೆ ನಾವು ಬೇರೆ ಮಾತು ಆಡಬೇಕಾಗುತ್ತಿತ್ತು," ಎಂದರು ಡಾಕ್ಟರು. ಜೊತೆಗೆ ಬಂದು ಹೊರಗೆ ಕಾಯುತ್ತಿದ್ದ ವಾಸಣ್ಣನಿಗೆ ಏನು ಹೇಳಲಿ? "ನಿನ್ನದು ಒಂದು, ನನ್ನದು ಮೂರು," ಎಂದೆ. ಅವನು ನನ್ನ ಕೈ ಹಿಡಿದುಕೊಂಡ. "ಇದರಲ್ಲಾದರೂ ಗೆದ್ದೆಯಲ್ಲ ಮಾರಾಯ," ಎಂದ. ಅವನ ಕಣ್ಣು ಒದ್ದೆಯಾಗಿತ್ತು.

ಮೂರು ವರ್ಷ ಬಿಟ್ಟು ಮತ್ತೆ ನೋಡಿಸಬೇಕೆಂದು ಹೇಳಿದ್ದರು. ಆ ಮೂರು ವರ್ಷ ತುಂಬುವ ಮೊದಲೇ, ಹೋದ ಬೇಸಿಗೆಯಲ್ಲಿ, ವಾಸಣ್ಣನೇ ಹೃದಯಾಘಾತದಲ್ಲಿ ಹೋಗಿಬಿಟ್ಟ.

ಬೆಳುವಾಯಿಯಲ್ಲಿ ಅವನ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟ. ಅಂಗಳ ತುಂಬಿ ತೋಟದವರೆಗೆ ಜನ. ನನ್ನ ಬೊಜ್ಜಕ್ಕೆ ಇದರ ಕಾಲು ಭಾಗವೂ ಬರಲಾರದು ಎಂದುಕೊಳ್ಳುತ್ತ ಪಂಕ್ತಿಯಲ್ಲಿ ಕೂತೆ. ಎಡಗಡೆ ಒಬ್ಬ ಬಸ್ ಡ್ರೈವರು, ಬಲಗಡೆ ವೇಣೂರಿನ ಒಬ್ಬರು ಮೇಷ್ಟ್ರು.

"ನನಗೆ ಕ್ಯಾಮರಾ ಹಾಕಿಸಿದ್ದೇ ವಾಸಣ್ಣ," ಎಂದ ಡ್ರೈವರು. "ಹಿಂದಿನ ದಿನ ಬೊಂಡ ತಗೊಂಡು ಮನೆಗೇ ಬಂದಿದ್ರು."

"ನನ್ನಲ್ಲಿಗೂ ಬಂದಿದ್ರು," ಎಂದರು ಮೇಷ್ಟ್ರು. "ನಾಲ್ಕು ಬೊಂಡ. ಅವರೇ ಕೆತ್ತಿ ಕೊಟ್ರು."

ಕೈಯಲ್ಲಿದ್ದ ಅನ್ನ ಎಲೆಗೆ ಬಿತ್ತು. ಆ ಜಗಲಿ, ಆ ಬೊಂಡ, ಬಾಗಿಲು ಮುಚ್ಚಿದ ಹೋಟೆಲು ಎಲ್ಲ ನನಗೊಬ್ಬನಿಗೇ ಎಂದು ನಾನು ಇಷ್ಟು ದಿನ ನಂಬಿದ್ದೆ. ಜೀವಮಾನದಲ್ಲಿ ಯಾರ ಮೇಲೂ ಬಾರದಷ್ಟು ಹೊಟ್ಟೆಕಿಚ್ಚು ಆ ಇಬ್ಬರ ಮೇಲೆ ಬಂತು.

"ನನಗೆ ಒಂದಿಡೀ ಗೊನೆ ತಂದಿದ್ದ," ಎಂದೆ.

ಇಬ್ಬರೂ ತಿರುಗಿ ನೋಡಿದರು.

"ಹಾಗಾದ್ರೆ ತುಂಬ ಹತ್ತಿರದವರು," ಎಂದರು ಮೇಷ್ಟ್ರು. "ನೀವು ಅವರಿಗೆ ಎಂತ ಆಗಬೇಕು?"

"ಎದುರಿನ ಹೋಟೆಲಿನವ," ಎಂದೆ.