ಇವರನ್ನು ಎಂದರೆ ಯಾರನ್ನು?

ಇಂಥ ಸಂಗತಿಯನ್ನು ಬೇರೆ ಯಾರಾದರೂ ಹೇಳಿದ್ದರೆ ಮರ್ಯಾದೆಗೆ ಪೂರ್ತಿ ಕೇಳಿಸಿಕೊಂಡು, ಮನೆ ತಲುಪುವಷ್ಟರಲ್ಲಿ ಮರೆತುಬಿಡುತ್ತಿದ್ದೆ. ನಾನು ಓದಿದ್ದು ಸಂಖ್ಯಾಶಾಸ್ತ್ರ, ಅಂದರೆ ಸ್ಟ್ಯಾಟಿಸ್ಟಿಕ್ಸ್. ನಮ್ಮ ಅತ್ತೆಗೆ ಕನಸು, ಶಕುನಗಳಲ್ಲಿ ಬಹಳ ನಂಬಿಕೆಯಿತ್ತು. ನಿಜವಾದ ಕನಸನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೀರಿ, ಸುಳ್ಳಾದ ನೂರು ಕನಸುಗಳನ್ನು ಬಿಟ್ಟುಬಿಡುತ್ತೀರಿ ಎಂದು ನಾನು ಅವರೊಡನೆ ವಾದ ಮಾಡುತ್ತಿದ್ದೆ. ಆ ವಾದ ಸರಿಯೆಂದೇ ಈಗಲೂ ನನಗೆ ಅನ್ನಿಸುತ್ತದೆ. ಆದರೂ ಇದನ್ನು ಬರೆಯುತ್ತಿದ್ದೇನೆ. ಓದಿದವರು ಏನು ಬೇಕಾದರೂ ಅಂದುಕೊಳ್ಳಲಿ.

ನಾಲ್ಕು ವರ್ಷದ ಹಿಂದಿನ ಮಾತು. ಮುಂಬಯಿಯ ಪವಾಯಿಯಲ್ಲಿದ್ದ ಒಂದು ಸಂಶೋಧನಾ ತಂಡದಲ್ಲಿ ಕೆಲಸಕ್ಕೆ ಸೇರಿದ್ದೆ. ಅಧ್ಯಯನ ಫ್ಯಾಮಿಲಿ ಡಾಕ್ಟರುಗಳ ಬಗ್ಗೆ. ಬಹಳ ವರ್ಷ ಒಂದೇ ಕಡೆ ರೋಗಿಗಳನ್ನು ನೋಡಿದ ಡಾಕ್ಟರಿಗೆ ಕೆಲವೊಮ್ಮೆ, ನಾಡಿ ಸರಿಯಿದ್ದರೂ, ಬಿಪಿ ಸರಿಯಿದ್ದರೂ, ಇಲ್ಲಿ ಏನೋ ಸರಿಯಿಲ್ಲ ಅನ್ನಿಸುತ್ತದಂತೆ. ಆ ಅನ್ನಿಸಿಕೆಯ ಮೇಲೆ ಈಚೆಗೆ ಹೊರದೇಶಗಳಲ್ಲಿ ಸಂಶೋಧನೆ ನಡೆದಿದೆ. ಹಾಗೆ ಅನ್ನಿಸಿದ ರೋಗಿಗೆ ಮುಂದೆ ನಿಜವಾಗಿಯೂ ದೊಡ್ಡ ಕಾಯಿಲೆ ಪತ್ತೆಯಾಗುತ್ತದೆಯೇ ಎಂಬುದು ಪ್ರಶ್ನೆ. ನಮ್ಮವರು ಅದನ್ನೇ ಮುಂಬಯಿಯ ಸಣ್ಣ ದವಾಖಾನೆಗಳಲ್ಲಿ ನೋಡಹೊರಟಿದ್ದರು. ರೋಗಿ ಎದ್ದುಹೋದ ಕೂಡಲೇ ಡಾಕ್ಟರು ಟ್ಯಾಬ್‌ನಲ್ಲಿ ಎರಡರಲ್ಲಿ ಒಂದನ್ನು ಒತ್ತಬೇಕು: ‘ಸಮಾಧಾನವಿದೆ’, ಇಲ್ಲವೇ ‘ಏನೋ ಸರಿಯಿಲ್ಲ’. ಮೂಲೆಯಲ್ಲಿ ಕೂತ ನಾನು ಇನ್ನೊಂದು ಟ್ಯಾಬ್‌ನಲ್ಲಿ ರೋಗಿಯ ವಯಸ್ಸು, ಹೆಣ್ಣೋ ಗಂಡೋ, ಏನು ತೊಂದರೆ, ಎಷ್ಟು ಹೊತ್ತು ಮಾತಾಡಿದರು ಎಂಬುದನ್ನು ತುಂಬಬೇಕು. ಬಾಯಿ ಮಾತ್ರ ತೆರೆಯಕೂಡದು. ರೋಗಿಗೆ ಯಾವ ಸಲಹೆಯನ್ನೂ ಕೊಡುವುದಿಲ್ಲವೆಂದು ಸಹಿ ಮಾಡಿಸಿಕೊಂಡಿದ್ದರು.

ನನಗೆ ಸಿಕ್ಕಿದ್ದು ವಡಾಲದ ಒಂದು ದವಾಖಾನೆ. ಉಡುಪಿ ಕಡೆಯ ವಯಸ್ಸಾದ ಡಾಕ್ಟರು. ನಾನು ಬೆಳೆದದ್ದೂ ಅಲ್ಲೇ ಹತ್ತಿರದ ಕಾಲೊನಿಯಲ್ಲಿ; ಚಿಕ್ಕಂದಿನಲ್ಲಿ ನನಗೆ ಟೈಫಾಯ್ಡ್ ಆದಾಗ ನೋಡಿದವರೂ ಅವರೇ. ಹಾಗಾಗಿ ಅವರಿಗೆ ನಾನು ಸಂಶೋಧನೆಯವಳಾಗಿ ಕಾಣಲೇ ಇಲ್ಲ. ಮೊದಲ ದಿನವೇ ಟ್ಯಾಬನ್ನು ತಿರುಗಿಸಿ ಮುರುಗಿಸಿ ನೋಡಿ, “ಎಂಥ ಮಾರಾಯ್ತಿ, ಹೊಟ್ಟೆಯೊಳಗೆ ಅನ್ನಿಸಿದ್ದಕ್ಕೆಲ್ಲ ಗುಂಡಿ ಒತ್ತಬೇಕಾ?” ಎಂದು ನಕ್ಕರು. ನಾನೂ ನಕ್ಕೆ. ಈ ಅಧ್ಯಯನದ ಕೊನೆಗೆ ಏನೂ ಸಿಗುವುದಿಲ್ಲ ಎಂದು ನನಗೆ ಒಳಗೊಳಗೇ ಖಾತ್ರಿಯಿತ್ತು.

ಎರಡು ತಿಂಗಳು ಕಳೆದಿರಬೇಕು. ಒಂದು ಬುಧವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಗಂಡ ಹೆಂಡತಿ ಬಂದರು. ಹೆಂಡತಿ ಕಸ್ತೂರಿಬಾಯಿ, ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು, ಎರಡು ಮೂರು ಮನೆಗಳಲ್ಲಿ ಅಡುಗೆ ಮಾಡುತ್ತಿದ್ದಳು. ಗಂಡ ಸಿದ್ರಾಮಪ್ಪ ಬಿಲ್ಡಿಂಗ್ ಕೆಲಸದಲ್ಲಿ ಕಬ್ಬಿಣದ ಸರಳು ಕಟ್ಟುವವನು. ಈ ವಿವರಗಳೆಲ್ಲ ನನಗೆ ಆಮೇಲೆ ತಿಳಿದದ್ದು. ಅವತ್ತು ನನಗೆ ಕಂಡದ್ದು ಸ್ಟೂಲಿನ ಮೇಲೆ ಕೂತು ಕೆಮ್ಮುತ್ತಿದ್ದ ಒಬ್ಬ ಹೆಂಗಸು, ಅವಳ ಹಿಂದೆ ಪ್ಲಾಸ್ಟಿಕ್ ಚೀಲ ಹಿಡಿದು ನಿಂತಿದ್ದ ಒಬ್ಬ ಗಂಡಸು. ಅವನ ಮುಖವನ್ನು ನೋಡಿದ ನೆನಪು ಕೂಡ ನನಗಿಲ್ಲ. ಚೀಲದ ಮೇಲಿನ ಸೀರೆ ಅಂಗಡಿಯ ಚಿತ್ರ ನೆನಪಿದೆ, ಅಷ್ಟೆ.

ಎರಡು ದಿನದ ಜ್ವರ, ಕೆಮ್ಮು, ಮೈಕೈ ನೋವು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟರು, ಗಂಟಲು ನೋಡಿದರು, ಊರಲ್ಲೆಲ್ಲ ಹಬ್ಬಿರುವ ಜ್ವರವೇ ಎಂದರು. ಅವರು ಮಾತ್ರೆ ಬರೆಯುತ್ತಿದ್ದಾಗ ನನಗೆ ಅದು ಆಯಿತು.

ಹೇಗೆ ಹೇಳಬೇಕೋ ತಿಳಿಯುತ್ತಿಲ್ಲ. ಫ್ಯಾನಿನ ಸದ್ದು, ಹೊರಗೆ ಯಾರೋ ಡಬ್ಬ ಬಡಿಯುತ್ತಿದ್ದ ಸದ್ದು ದೂರ ಸರಿದ ಹಾಗಾಯಿತು. ಇವರು ಇಲ್ಲಿಂದ ಸುಮ್ಮನೆ ಹೋಗಬಾರದು, ಹೋದರೆ ಆಗಿಹೋಯಿತು ಎಂಬುದು, ಯಾರೋ ಹೇಳಿದ ಹಾಗಲ್ಲ, ನನಗೆ ಮೊದಲಿನಿಂದಲೂ ಗೊತ್ತಿದ್ದ ಸಂಗತಿಯ ಹಾಗೆ ಮನಸ್ಸಿಗೆ ಬಂತು. ನಾನು ಡಾಕ್ಟರರ ಮುಖ ನೋಡಿದೆ. ಅವರಿಗೂ ಅನ್ನಿಸಿರಬೇಕು, ಈಗ ಏನಾದರೂ ಹೇಳುತ್ತಾರೆ ಅಂದುಕೊಂಡೆ. ಅವರು ಚೀಟಿ ಕೊಟ್ಟು, ಮೂರು ದಿನ ಬಿಟ್ಟು ಬಾ ಎಂದು ಹೇಳಿ, ‘ಸಮಾಧಾನವಿದೆ’ ಒತ್ತಿ ಮುಂದಿನವರನ್ನು ಕರೆದರು.

ನನ್ನ ಫಾರ್ಮನ್ನು ಹೇಗೋ ತುಂಬಿ ಕಳಿಸಿದೆ. ನೀರು ತರುತ್ತೇನೆ ಎಂದು ಎದ್ದು ಹೊರಗೆ ಬಂದೆ. ಅವರಿಬ್ಬರೂ ಮೆಡಿಕಲ್ ಶಾಪಿನ ಮುಂದೆ ನಿಂತಿದ್ದರು. ಸಹಿ ಮಾಡಿದ ಕಾಗದ ನೆನಪಿಗೆ ಬಂದು ಒಂದು ಕ್ಷಣ ಕಾಲು ತಡೆಯಿತು. ಆದರೂ ಹತ್ತಿರ ಹೋಗಿ ಹೇಳಿಯೇಬಿಟ್ಟೆ: “ಇವರನ್ನು ಈಗಲೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ. ನಾಳೆ ಅನ್ನಬೇಡಿ.” ಅದನ್ನು ನಾನು ಗಂಡನಿಗೆ, ಹೆಂಡತಿಯ ಬಗ್ಗೆ ಹೇಳಿದೆನೆಂದೇ ನನ್ನ ನೆನಪು. ಅವನು, “ಡಾಕ್ಟರ ಏನೂ ಇಲ್ಲ ಅಂದಾರಲ್ರಿ ಬಾಯಾರ, ನನಗ ಸೈಟಿಗೆ ಹೊತ್ತಾಗ್ತದ” ಎಂದು ಗೊಣಗಿದ. ಅವಳು ನನ್ನನ್ನೇ ನೋಡಿದಳು. ನಾನು ಒಳಗೆ ಬಂದು ಕೂತೆ. ನನಗೆ ನಾಚಿಕೆಯಾಗಿತ್ತು.

ಸಂಜೆ ಡಾಕ್ಟರರ ಫೋನು ಬಂತು. “ಬೆಳಿಗ್ಗೆ ಆ ಕೆಮ್ಮಿನವಳಿಗೆ ನೀನು ಎಂಥ ಹೇಳಿದ್ದು?” ಎಂದು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. “ಹೋಗಿಬಿಟ್ಟಳಾ?” ಎಂದೆ.

“ಅವಳಿಗೆ ಎಂಥದ್ದೂ ಆಗಲಿಲ್ಲ. ಅವನಿಗೆ ಆದದ್ದು. ಆಸ್ಪತ್ರೆಯಲ್ಲಿ ಹೆಸರು ಬರೆಸುವ, ಕೇಸ್ ಪೇಪರಿನ ಲೈನಲ್ಲೇ ಬಿದ್ದನಂತೆ. ಹಾರ್ಟು. ಅಲ್ಲೇ ಇದ್ದದ್ದಕ್ಕೆ ಉಳಿದ, ಇಲ್ಲದಿದ್ದರೆ ಕೈಗೆ ಸಿಗ್ತಿರಲಿಲ್ಲ.”

ಎರಡು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ವಾರ್ಡಿನ ಹೊರಗೆ ಕಸ್ತೂರಿಬಾಯಿ ಕೂತಿದ್ದಳು. ನನ್ನನ್ನು ಕಂಡೊಡನೆ ಎದ್ದು ಎರಡೂ ಕೈ ಹಿಡಿದುಕೊಂಡಳು. ಅವತ್ತು ಅವನು ಹೋಗಬೇಕಾಗಿದ್ದದ್ದು ಹನ್ನೊಂದನೇ ಮಾಳಿಗೆಯ ಸ್ಲ್ಯಾಬಿನ ಮೇಲೆ ಕೆಲಸಕ್ಕೆ ಎಂದು ಅಳುತ್ತ ಹೇಳಿದಳು. ನನಗೆ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕಿತ್ತು. “ನಾನು ಹೇಳಿದ್ದು ನಿಮ್ಮ ಬಗ್ಗೆ. ನಿಮಗೆ ಜ್ವರ ಇತ್ತಲ್ಲ, ಅದಕ್ಕೆ” ಎಂದೆ.

ಅವಳು ತಲೆಯಾಡಿಸಿದಳು. “ಇಲ್ರಿ ಅಕ್ಕಾರ. ನೀವು ನನ್ನ ಮಾರಿ ನೋಡೇ ಹೇಳಿದ್ರಿ. ಇವರನ್ನ ಕರಕೊಂಡು ಹೋಗ್ರಿ ಅಂತ ನನಗ ಹೇಳಿದ್ರಿ. ಇವರು ನಿಮ್ಮ ಬೆನ್ನ ಕಡೆ ನಿಂತಿದ್ರು. ಅದಕ್ಕ ನಾ ಬಿಡಲಿಲ್ಲ, ಜಗಳಾ ಮಾಡಿ ಬಸ್ಸ ಹತ್ತಿಸಿದೆ.”

ನಾನು ಎಷ್ಟು ಯೋಚಿಸಿದರೂ ಆ ಅಂಗಡಿಯ ಮುಂದೆ ಯಾರ ಕಡೆ ಮುಖ ಮಾಡಿ ನಿಂತಿದ್ದೆ ಎಂಬುದು ನೆನಪಿಗೆ ಬರಲಿಲ್ಲ. ಅವನ ದನಿ ಹಿಂದಿನಿಂದ ಬಂತೋ, ಮುಂದಿನಿಂದ ಬಂತೋ? ಗಂಡನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ ಎಂಬುದು ಮಾತ್ರ ಖಂಡಿತ. ಅಥವಾ ಖಂಡಿತ ಎಂದು ಆಗ ಅಂದುಕೊಂಡಿದ್ದೆ.

ಡಾಕ್ಟರರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವನು ಬೆವರುತ್ತಿದ್ದಿರಬಹುದು, ಎಡಗೈ ನೋವಿಗೆ ಚೀಲವನ್ನು ಬಲಗೈಗೆ ಬದಲಾಯಿಸಿರಬಹುದು, ನನ್ನ ಕಣ್ಣು ಅದನ್ನು ನೋಡಿ ಮನಸ್ಸಿಗೆ ಹೇಳದೆ ಇದ್ದಿರಬಹುದು ಎಂದರು. ತಮಗೂ ಎಷ್ಟೋ ಸಲ ಹಾಗೆ ಆಗಿದೆಯಂತೆ. “ಆದರೆ ನನಗೆ ಅವತ್ತು ಎಂಥದ್ದೂ ಅನ್ನಿಸಲಿಲ್ಲ ನೋಡು. ಅವ ನನ್ನ ಎದುರೇ ನಿಂತಿದ್ದ,” ಎಂದು ಮೆಲ್ಲಗೆ ಹೇಳಿದರು. ಅವರ ವಿವರಣೆ ನನಗೆ ಹಿಡಿಸಿತು. ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ಅದನ್ನು ಹಿಡಿದುಕೊಂಡು ಮೂರು ವಾರ ನೆಮ್ಮದಿಯಾಗಿದ್ದೆ.

ನಿಯಮ ಮುರಿದದ್ದನ್ನು ನಾನೇ ತಂಡಕ್ಕೆ ತಿಳಿಸಿದ್ದರಿಂದ ನನ್ನನ್ನು ದವಾಖಾನೆಯಿಂದ ತೆಗೆದು ಪವಾಯಿಯ ಆಫೀಸಿನಲ್ಲಿ ಕೂರಿಸಿದ್ದರು. ಒಂದು ದಿನ ಅಲ್ಲಿನ ಮೇಡಂ ದವಾಖಾನೆಯ ರಿಜಿಸ್ಟರಿಗೆ ಹೊಂದದ ತಪ್ಪು ಫಾರ್ಮುಗಳ ಪಟ್ಟಿ ಕಳಿಸಿದರು. ಅದರಲ್ಲಿ ನನ್ನದು ಒಂದೇ ಇತ್ತು. ಆ ಬುಧವಾರದ್ದು. ಜ್ವರ, ಕೆಮ್ಮು ಎಂದು ಸರಿಯಾಗಿ ಬರೆದಿದ್ದೆ. ಹೆಣ್ಣೋ ಗಂಡೋ ಎಂಬಲ್ಲಿ ಗಂಡು ಎಂದು ಒತ್ತಿದ್ದೆ. ವಯಸ್ಸು ಐವತ್ಮೂರು ಎಂದಿತ್ತು. ಕಸ್ತೂರಿಬಾಯಿ ಡಾಕ್ಟರರಿಗೆ ನಲವತ್ತನಾಲ್ಕು ಎಂದು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು.

ಅವತ್ತೇ ಅವಳಿಗೆ ಫೋನು ಮಾಡಿ, ನಿಮ್ಮ ಯಜಮಾನರಿಗೆ ಎಷ್ಟು ವಯಸ್ಸು ಎಂದು ಕೇಳಿದೆ. ಆಸ್ಪತ್ರೆಯ ಕಾಗದ ತೆಗೆಸಿ ನೋಡಿ ಐವತ್ಮೂರು ಎಂದಳು. ಆ ಬೆಳಿಗ್ಗೆ ದವಾಖಾನೆಯಲ್ಲಿ ಅವನ ವಯಸ್ಸನ್ನು ಯಾರೂ ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಬೆವರನ್ನು ಕಣ್ಣು ನೋಡಬಹುದು. ವಯಸ್ಸನ್ನೂ ಅಂದಾಜು ಮಾಡಬಹುದು, ಒಪ್ಪುತ್ತೇನೆ. ಆದರೆ ಅಂದಾಜು ಮಾಡುವವರು ಐವತ್ತು ಎನ್ನುತ್ತಾರೆ, ಐವತ್ತೈದು ಎನ್ನುತ್ತಾರೆ. ಮುಖವನ್ನೇ ನೋಡದ ನಾನು ಐವತ್ಮೂರು ಎಂದು ಹೇಗೆ ಬರೆದೆ? ಬೆರಳು ತಪ್ಪಿ ಬಿತ್ತು ಅನ್ನೋಣವೆಂದರೆ ಒಂದೇ ಫಾರ್ಮಿನಲ್ಲಿ ಎರಡು ಸಲ ತಪ್ಪಿ, ಎರಡು ಸಲವೂ ಅವನ ಮೇಲೆಯೇ ಬೀಳಬೇಕೇ? ಇದಕ್ಕಿಂತ ದೊಡ್ಡ ಕಾಕತಾಳೀಯಗಳು ಆಗುತ್ತವೆಂದು ಓದಿದವಳು ನಾನು. ಆದರೂ ಆ ಫಾರ್ಮನ್ನು ಮತ್ತೆ ಮತ್ತೆ ತೆರೆದು ನೋಡಿದೆ.

ಮೇಡಂ ತಿದ್ದಿ ಕಳಿಸಲು ಹೇಳಿದ್ದರು. ರೋಗಿಯಾಗಿ ಬಂದವಳು ಹೆಂಡತಿ ತಾನೆ? ಹೆಣ್ಣು, ನಲವತ್ತನಾಲ್ಕು ಎಂದು ತಿದ್ದಿದೆ. ಸರಿಯಾಯಿತೆಂದು ಪರದೆ ಹಸಿರಾಯಿತು. ನಾನು ಮೊದಲು ಬರೆದದ್ದರ ಗುರುತು ಈಗ ಎಲ್ಲೂ ಇಲ್ಲ. ಇದನ್ನು ನಂಬಬೇಕಾದರೆ ನನ್ನ ಮಾತನ್ನು ಮಾತ್ರ ನಂಬಬೇಕು. ಒಮ್ಮೊಮ್ಮೆ ನನಗೇ ಅದು ಆಗುವುದಿಲ್ಲ.

ಕಳೆದ ವರ್ಷ ಕಸ್ತೂರಿಬಾಯಿ ಬಿಡದೆ ಕರೆದಳೆಂದು ಅವರ ಮನೆಗೆ ಹೋಗಿದ್ದೆ. ಚಾಳಿನ ಎರಡನೇ ಮಾಳಿಗೆ, ಒಂದೇ ಖೋಲಿಯ ಮನೆ. ಸಿದ್ರಾಮಪ್ಪ ಈಗ ಒಂದು ಬಿಲ್ಡಿಂಗಿನಲ್ಲಿ ವಾಚ್‌ಮನ್. ನನಗೆ ನಮಸ್ಕಾರ ಮಾಡಿ ಡ್ಯೂಟಿಗೆ ಹೊರಟುಹೋದ. ನನ್ನ ಎದುರು ಕೂರಲು ಅವನಿಗೆ ಅಂಜಿಕೆ ಎಂದು ಅವಳು ನಕ್ಕು ಹೇಳಿದಳು. ನನಗೆ ನಗು ಬರಲಿಲ್ಲ.

ರೊಟ್ಟಿ ತಿಂದು ಹೊರಡುವಾಗ ಅವಳು ಮಗಳನ್ನು ಕರೆದು ನನ್ನ ಮುಂದೆ ನಿಲ್ಲಿಸಿದಳು. ಇಪ್ಪತ್ತೆರಡು ವರ್ಷದ ಹುಡುಗಿ, ಬಾಂದ್ರಾದ ಒಂದು ಅಂಗಡಿಯಲ್ಲಿ ಕೆಲಸ, ಮುಂದಿನ ತಿಂಗಳು ಮದುವೆ. “ಅಕ್ಕಾರ, ಇಕೀನ ಒಂದ ಸಲ ನೋಡಿಬಿಡ್ರಿ,” ಎಂದಳು.

ನನಗೆ ಮೊದಲು ಅರ್ಥವಾಗಲಿಲ್ಲ. ಹುಡುಗಿ ಮುಜುಗರದಿಂದ, “ಸಾರಿ ಆಂಟಿ, ಮಮ್ಮಿ ಹಿಂಗೇ. ಬಹುತ್ ಟೆನ್ಷನ್ ಲೇತಿ ಹೈ. ನೀವು... ಜಸ್ಟ್ ಹೇಳಿ ಬಿಡಿ ನಾ, ಠೀಕ್ ಇದೀನಿ ಅಂತ,” ಎಂದಳು.

ನನಗೆ ಅಂಥದ್ದೆಲ್ಲ ಬರುವುದಿಲ್ಲ, ಅದು ಒಂದು ಸಲ ಹೇಗೋ ಆದದ್ದು ಎಂದು ಹೇಳಿದೆ. ಕಸ್ತೂರಿಬಾಯಿ ಕೇಳಲಿಲ್ಲ. ಕೈ ಮುಗಿದು ನಿಂತೇ ಇದ್ದಳು. ಕೊನೆಗೆ ನಾನು ತಲೆಯೆತ್ತಿ ಆ ಹುಡುಗಿಯ ಮುಖವನ್ನು ನೋಡಿದೆ. ಅವಳು ನಗು ತಡೆಯಲು ತುಟಿ ಕಚ್ಚಿಕೊಂಡಿದ್ದಳು. ಪಕ್ಕದ ಖೋಲಿಯ ಟಿವಿಯ ಸದ್ದು ಸರಿಯಾಗಿಯೇ ಕೇಳುತ್ತಿತ್ತು. ಏನೂ ಆಗಲಿಲ್ಲ. “ಚೆನ್ನಾಗಿದ್ದಾಳೆ, ಏನೂ ಇಲ್ಲ,” ಎಂದೆ. ತಾಯಿ ಕಣ್ಣೊರೆಸಿಕೊಂಡಳು.

ಮದುವೆ ಆಯಿತು, ಹುಡುಗಿ ಸುಖವಾಗಿದ್ದಾಳೆ. ಆದರೆ ಅವತ್ತು ಮೆಟ್ಟಿಲು ಇಳಿಯುವಾಗ ಹುಟ್ಟಿದ ಪ್ರಶ್ನೆ ಇನ್ನೂ ಹೋಗಿಲ್ಲ. ನಿಜವಾಗಿಯೂ ಏನೂ ಅನ್ನಿಸಲಿಲ್ಲವೋ, ಅಥವಾ ಅನ್ನಿಸುವಷ್ಟು ಹೊತ್ತು ನೋಡಲು ನನಗೆ ಧೈರ್ಯವಿರಲಿಲ್ಲವೋ, ಗೊತ್ತಿಲ್ಲ. ಯಾರ ಮುಖವನ್ನೇ ಆಗಲಿ ಅಷ್ಟು ಹೊತ್ತು ನೋಡುವುದನ್ನು ಆಮೇಲೆ ಬಿಟ್ಟುಬಿಟ್ಟಿದ್ದೇನೆ. ಬೆಳಿಗ್ಗೆ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗಲೂ ಬೈತಲೆಯನ್ನಷ್ಟೇ ನೋಡುತ್ತೇನೆ.