ಖಾಲಿ ಶೀಟಕ್ಕನ ನೀಲಿ ಗುರುತು

ಔಷಧಿ ಅಂಗಡಿಯ ಅಕ್ಕನಿಗೆ ಐವತ್ತೆಂಟು ತುಂಬಿದ ಮೇಲೆ ಹೊಸ ಹೆಸರು ಬಿತ್ತು. ಬೀದಿಯವರು ಅವಳನ್ನು ಖಾಲಿ ಶೀಟಕ್ಕ ಎಂದು ಕರೆಯತೊಡಗಿದರು. ಅದಕ್ಕೆ ಕಾರಣ ಅವಳು ಕೂತು ಬಂದ ಒಂದು ಪಾಠ.

ಫಾರ್ಮಸಿಸ್ಟ್ ಆದವರು ನೋಂದಣಿ ಮುಂದುವರಿಸಿಕೊಳ್ಳಬೇಕಾದರೆ ಆಗಾಗ ತರಗತಿಗೆ ಹೋಗಿ ಬರಬೇಕು. ಬಹಳ ಜನ ಸಹಿ ಹಾಕುತ್ತಾರೆ, ಕೂರುವುದಿಲ್ಲ. ಅವಳು ಮೊದಲನೇ ಬೆಂಚಿನಲ್ಲಿ ಕೂತಳು. ಆ ಸಲದ್ದು ಲಿವರ್ ಕಾಯಿಲೆಯ ಪಾಠ, ಒಟ್ಟು ಐದು ಶನಿವಾರ. ಮೊದಲ ಶನಿವಾರವೇ ಪಾಠ ಹೇಳಿದ ಡಾಕ್ಟರಮ್ಮ ಮೇಜಿನ ಮೇಲೆ ಮೂರು ಡಬ್ಬಿ ಇಟ್ಟರು. ಒಂದು ಜ್ವರದ್ದು, ಒಂದು ನೆಗಡಿಯದು, ಒಂದು ಬೆನ್ನುನೋವಿನದು. ಹೆಸರು ಮೂರು, ಒಳಗಿರುವ ಔಷಧಿ ಒಂದೇ, ಪ್ಯಾರಾಸಿಟಮಾಲ್. ಬೇರೆ ಬೇರೆ ಎಂದುಕೊಂಡು ಮೂರನ್ನೂ ನುಂಗಿದರೆ ಲಿವರ್ ಹಾಳಾಗುತ್ತದೆ. ಮೊದಲೇ ಲಿವರ್ ಸೋತವರದು ಇನ್ನೂ ಬೇಗ.

"ಇವರೆಲ್ಲ ನಮ್ಮ ಹತ್ರ ಬರೋದು ಆಮೇಲೆ," ಎಂದರು ಡಾಕ್ಟರಮ್ಮ. "ಮೊದಲು ಬರೋದು ನಿಮ್ಮ ಹತ್ರ. ನೀವು ಕೇಳದಿದ್ರೆ ಇನ್ಯಾರೂ ಕೇಳಲ್ಲ."

ಮೂವತ್ತು ವರ್ಷ ಕೇಳದೆಯೇ ಕೊಟ್ಟವಳು ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡಳು.

ಮರು ಸೋಮವಾರದಿಂದಲೇ ಹೊಸ ಪದ್ಧತಿ ಶುರುವಾಯಿತು. ನೋವಿಗೋ ಜ್ವರಕ್ಕೋ ಮಾತ್ರೆ ಬೇಕೆಂದವರು ಮನೆಯಲ್ಲಿರುವ ಮಾತ್ರೆಯ ಶೀಟುಗಳನ್ನೆಲ್ಲ, ಖಾಲಿಯಾದದ್ದನ್ನೂ ಸೇರಿಸಿ, ತರಬೇಕು. ಅವಳು ಅವನ್ನು ಕೌಂಟರಿನ ಗಾಜಿನ ಮೇಲೆ ಸಾಲಾಗಿ ಹರಡುತ್ತಿದ್ದಳು, ಹಿಂಬದಿಯ ಸಣ್ಣ ಅಕ್ಷರ ಓದುತ್ತಿದ್ದಳು. ಹಿಂದೆ ಕಾಮಾಲೆ ಆಗಿತ್ತಾ, ಕುಡಿಯುವ ಅಭ್ಯಾಸ ಉಂಟಾ ಎಂದು ಕೇಳುತ್ತಿದ್ದಳು. ಎಲ್ಲ ಸರಿಯಿದ್ದರೆ ಕವರಿನ ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಒಂದು ರೈಟು. ರೈಟು ಬಿದ್ದ ಕವರಾದರೆ ಕಣ್ಣು ಮುಚ್ಚಿ ನುಂಗಬಹುದು ಎಂಬ ಮಾತು ಬೀದಿಯಲ್ಲಿ ನಿಂತಿತು.

"ಕುಡೀತೀಯಾ ಅಂತ ನನ್ನ ಹೆಂಡ್ತಿ ಎದುರಿಗೇ ಕೇಳಿಬಿಟ್ರಲ್ಲ ಅಕ್ಕ," ಎಂದ ಪಕ್ಕದ ಕ್ಷೌರಿಕ. "ಲಿವರ್ ಉಳೀತು, ಬೆನ್ನು ಉಳೀಲಿಲ್ಲ."

ಅಂಗಡಿಯಲ್ಲಿ ಅವಳ ಜೊತೆಗಿದ್ದವನು ತಮ್ಮ. ತಾಯಿ ಹೋದಾಗ ಅವನಿಗೆ ನಾಲ್ಕು ವರ್ಷ, ಅವಳಿಗೆ ಹದಿನೈದು. ಕೈ ಹಿಡಿದು ಅಕ್ಷರ ತಿದ್ದಿಸಿದವಳು ಅವಳೇ. ಅವನು ಒಂದು ದಡ ಸೇರಲಿ ಎಂದು ತನ್ನ ಮದುವೆಯ ಮಾತೇ ಎತ್ತಲಿಲ್ಲ. ಅವನು ಔಷಧಿ ಓದಿದವನಲ್ಲ, ಆದರೆ ಯಾವ ಡಬ್ಬಿ ಯಾವ ಗೂಡಿನಲ್ಲಿದೆ ಎಂದು ಕತ್ತಲಲ್ಲೂ ಹೇಳುತ್ತಿದ್ದ.

"ಇದು ಅಂಗಡಿಯೋ ಕೋರ್ಟೋ ಅಕ್ಕ? ಸಾಲು ನೋಡು."

"ನಿಂತ್ಕೊಳ್ಳಲಿ ಬಿಡೋ."

"ನಿಂತ್ಕೊಳ್ಳಲ್ಲ. ಎದುರಿನ ಅಂಗಡಿಗೆ ಹೋಗ್ತಾರೆ."

"ಹೋಗ್ಲಿ. ನಾನಿಲ್ದಾಗ ನೋವಿನ ಮಾತ್ರೆ ಮಾತ್ರ ಮುಟ್ಟಬೇಡ. ಸಂಜೆ ಬನ್ನಿ ಅನ್ನು. ಅದರಲ್ಲೂ ಟೈಲರಮ್ಮಂಗೆ ನನ್ನ ಕೇಳದೆ ಏನೂ ಕೊಡಬೇಡ."

ಟೈಲರಮ್ಮ ಮೂಲೆಮನೆಯವಳು. ಹಿಂದೊಮ್ಮೆ ಕಾಮಾಲೆ ಬಂದು ಲಿವರ್ ಪೂರ್ತಿ ಚೇತರಿಸಿಕೊಂಡಿರಲಿಲ್ಲ. ದಿನವಿಡೀ ಮಿಷನ್ನಿನ ಮುಂದೆ ಬಾಗಿ ಕೂತು ಬೆನ್ನು ಹಿಡಿದಿತ್ತು.

"ಆಯ್ತಕ್ಕ," ಎಂದಿದ್ದ ತಮ್ಮ.

ಕೊನೆಯ ಶನಿವಾರ ಕಳೆದು ಬುಧವಾರ ಟೈಲರಮ್ಮನ ಮಗಳು ಅಂಗಡಿಗೆ ಬಂದಳು. ಅಮ್ಮನಿಗೆ ವಾಂತಿ ನಿಲ್ಲುತ್ತಿಲ್ಲ, ಕಣ್ಣು ಹಳದಿಯಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ, ಏನು ತಗೊಂಡಿದ್ದು ಎಂದು ಡಾಕ್ಟರು ಕೇಳುತ್ತಿದ್ದಾರೆ ಎಂದಳು. ಅಕ್ಕ ಉಟ್ಟ ಬಟ್ಟೆಯಲ್ಲೇ ಹೊರಟಳು.

ಹಾಸಿಗೆಯ ಪಕ್ಕದ ಚೀಲದಲ್ಲಿ ಮೂರು ಕವರು ಇದ್ದವು. ಜ್ವರದ್ದು, ನೆಗಡಿಯದು, ಬೆನ್ನುನೋವಿನದು. ಮೂರರ ಮೇಲೂ ನೀಲಿ ರೈಟು.

"ಮೂರೂ ಒಟ್ಟಿಗೆ ತಗೋಬಹುದಾ ಅಂತ ಶನಿವಾರ ಅಂಗಡೀಲಿ ಅಮ್ಮ ಕೇಳಿದ್ಲು," ಎಂದಳು ಮಗಳು. "ಅಕ್ಕನೇ ಎಲ್ಲಾ ನೋಡಿ ರೈಟ್ ಹಾಕಿಟ್ಟು ಹೋಗಿದ್ದಾರೆ ಅಂದ್ರು ನಿಮ್ಮ ತಮ್ಮ."

ಅಕ್ಕ ಕವರನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳು ಹಾಕುವ ರೈಟಿನ ಗೆರೆ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಇದರ ತುದಿ ಸ್ವಲ್ಪ ಒಳಕ್ಕೆ ಬಾಗಿತ್ತು. ಸ್ಲೇಟಿನ ಕಾಲದಿಂದಲೂ ತಮ್ಮನ ಗೆರೆಗೆ ಆ ಬಾಗು ಇತ್ತು. ಎಷ್ಟು ತಿದ್ದಿದರೂ ಹೋಗಿರಲಿಲ್ಲ.

ಅಷ್ಟರಲ್ಲಿ ಅವನೇ ಏದುಸಿರು ಬಿಡುತ್ತ ಬಂದು ಆಸ್ಪತ್ರೆಯ ಜಗಲಿಯಲ್ಲಿ ನಿಂತ. ಅಕ್ಕ ಕವರು ಹಿಡಿದುಕೊಂಡೇ ಹೊರಗೆ ಬಂದಳು.

"ಎಷ್ಟು ಜನಕ್ಕೆ ಹೀಗೆ ಹಾಕಿದೀಯ?"

"ನೀನಿಲ್ಲದ ಶನಿವಾರ ಎಲ್ಲಾ. ರೈಟ್ ಇಲ್ದಿದ್ರೆ ಯಾರೂ ತಗೊಳ್ತಿರ್ಲಿಲ್ಲ ಅಕ್ಕ. ನೀನೇ ಹಾಗೆ ಅಭ್ಯಾಸ ಮಾಡಿಟ್ಟಿದ್ದು."

ಅವಳು ಮೂರು ಕವರನ್ನೂ ಅವನ ಮುಂದೆ ಹಿಡಿದಳು.

"ಇದು ಇಷ್ಟಾಗತ್ತೆ ಅಂತ ನಂಗೇನು ಗೊತ್ತು?" ಎಂದ ತಮ್ಮ.

"ಗೊತ್ತಿಲ್ಲ ಅಂತಾನೇ ಮುಟ್ಟಬೇಡ ಅಂದಿದ್ದು."

ಅವನು ದನಿ ತಗ್ಗಿಸಿದ. "ನೀನೇ ಹಾಕಿದ್ದು ಅಂದ್ಬಿಡು. ವಯಸ್ಸಾಯ್ತು, ಕಣ್ಣು ತಪ್ಪಿತು ಅಂದ್ರೆ ನಿನ್ನನ್ನ ಯಾರೂ ಏನೂ ಅನ್ನಲ್ಲ. ನಾನು ಅಂತ ಗೊತ್ತಾದ್ರೆ ಅಂಗಡಿ ಮುಚ್ಚಿಸ್ತಾರೆ."

ಮೋಸ ಮಾಡಿದ್ದಕ್ಕಿಂತ, ಅದನ್ನು ಅವಳ ತಲೆಗೇ ಕಟ್ಟಲು ಇಷ್ಟು ದೂರ ಓಡಿ ಬಂದದ್ದು ಅವಳನ್ನು ಹೆಚ್ಚು ಕೆರಳಿಸಿತು. ನೇರ ಒಳಗೆ ಹೋಗಿ ಡಾಕ್ಟರ ಮುಂದೆ ನಿಂತಳು. ಯಾವ ಮಾತ್ರೆ, ಒಂದೊಂದರಲ್ಲಿ ಎಷ್ಟು ಮಿಲಿಗ್ರಾಂ, ಶೀಟಿನಲ್ಲಿ ಎಷ್ಟು ಖಾಲಿ, ಯಾವ ದಿನದಿಂದ, ಎಲ್ಲವನ್ನೂ ಹೇಳಿದಳು. ಕೊಟ್ಟವರು ಯಾರೆಂದೂ ಹೇಳಿದಳು. ಡಾಕ್ಟರು ಕೂಡಿಸಿ ನೋಡಿ, ಆ ವಿಷ ಮುರಿಯುವ ಔಷಧಿಯನ್ನು ಡ್ರಿಪ್ಪಿಗೆ ಹಾಕಿಸಿದರು.

ಟೈಲರಮ್ಮ ಅರೆಗಣ್ಣು ತೆರೆದಾಗ ಅಕ್ಕ ಬಾಗಿ ಹೇಳಿದಳು. "ಆ ಗುರುತು ನಾನು ಹಾಕಿದ್ದಲ್ಲ ಕಣಮ್ಮ. ನನ್ನ ತಮ್ಮ ಹಾಕಿದ್ದು."

"ನಿಮ್ಮದು ಅಂತ ತಾನೇ ಅಕ್ಕ ನುಂಗಿದ್ದು," ಎಂದು ಟೈಲರಮ್ಮ ಗೋಡೆಯ ಕಡೆ ತಿರುಗಿಕೊಂಡಳು.

ಮುಂದಿನ ಎರಡು ದಿನ ಅಕ್ಕ ಮನೆಮನೆ ಸುತ್ತಿ ಶನಿವಾರದ ಕವರುಗಳನ್ನು ವಾಪಸು ತಂದಳು. ಔಷಧಿ ಇಲಾಖೆಗೆ ತಾನೇ ಕಾಗದ ಬರೆದಳು. ಅಂಗಡಿ ಒಂದು ತಿಂಗಳು ಮುಚ್ಚಿತು. ತಮ್ಮ ಬೇರೆ ಮನೆ ಮಾಡಿದ. ಎತ್ತಿ ಆಡಿಸಿದ ಅಕ್ಕನೇ ಹಿಡಿದುಕೊಟ್ಟಳು ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದ. ನಂಬಿದವರೂ ಇದ್ದರು.

ಟೈಲರಮ್ಮ ಬದುಕಿಕೊಂಡಳು. ಮೂರು ತಿಂಗಳಾದ ಮೇಲೆ ಡಾಕ್ಟರು ಬರೆದ ಚೀಟಿ ಹಿಡಿದು ಅಂಗಡಿಗೆ ಬಂದಳು. ಮನೆಯ ಶೀಟುಗಳನ್ನೂ ತಂದಿದ್ದಳು. ಅಕ್ಕ ಎಲ್ಲವನ್ನೂ ಓದಿ, ಮಾತ್ರೆಯನ್ನು ಕವರಿಗೆ ಹಾಕಿ, ಪೆನ್ಸಿಲ್ಲಿಗೆ ಕೈ ಚಾಚಿದಳು.

"ಅದು ಬೇಡ ಅಕ್ಕ, ಬೇಜಾರು ಮಾಡ್ಕೋಬೇಡಿ," ಎಂದಳು ಟೈಲರಮ್ಮ. "ಒಳಗಿರೋ ಔಷಧಿ ಹೆಸರು ಎಲ್ಲಿ ಬರೆದಿರತ್ತೆ ಅಂತ ತೋರಿಸಿ. ನಾನೇ ನೋಡ್ಕೋತೀನಿ."

ಅಕ್ಕ ಶೀಟು ಮಗುಚಿ ಸಣ್ಣ ಅಕ್ಷರಗಳ ಕೆಳಗೆ ಬೆರಳಿಟ್ಟಳು. ಟೈಲರಮ್ಮ ಕನ್ನಡಕ ಹಾಕಿಕೊಂಡು, ದಾರದ ಬಣ್ಣ ಹೋಲಿಸುವ ಹಾಗೆ ಎರಡು ಶೀಟು ಪಕ್ಕಪಕ್ಕ ಹಿಡಿದು, ಒಂದೊಂದೇ ಅಕ್ಷರ ನೋಡತೊಡಗಿದಳು. ಹಿಂದೆ ನಾಲ್ಕು ಜನ ನಿಂತಿದ್ದರು. ಅವಳು ನೋಡಿ ಮುಗಿಸುವವರೆಗೂ ಅಕ್ಕ ಬೆರಳು ತೆಗೆಯಲಿಲ್ಲ.