ಧೂಳಿನ ಹಿಂದೆ ಇದ್ದದ್ದು

ಗಚ್ಚಿಬೌಲಿಯಲ್ಲಿ ನನ್ನ ಮೊದಲ ಬೆಳಿಗ್ಗೆ ಶುರುವಾದದ್ದು ಬಂಡೆ ಸಿಡಿಸುವ ಸದ್ದಿನಿಂದ. ಕಿಟಕಿ ಗಡಗಡ ನಡುಗಿತು. ಭೂಕಂಪವೆಂದು ಬರಿಗಾಲಲ್ಲೇ ಹೊರಗೆ ಓಡಿದೆ. ಮನೆ ಮಾಲಕಿ ನಕ್ಕು, ನನ್ನ ತಲೆ ತೋರಿಸಿ ‘ದುಮ್ಮು’ ಎಂದರು. ದುಮ್ಮು ಎಂದರೆ ತೆಲುಗಿನಲ್ಲಿ ಧೂಳು. ಈ ಊರು ನನಗೆ ಕಲಿಸಿದ ಮೊದಲ ಮಾತು ಅದು. ಕಲಬುರಗಿಯಲ್ಲೇನು ಧೂಳಿರಲಿಲ್ಲವೇ? ಇತ್ತು, ಅವ್ವ ಒಂದು ಕೊಡ ನೀರು ಚಿಮುಕಿಸಿದರೆ ಅಡಗುತ್ತಿತ್ತು. ಇಲ್ಲಿ ಐಟಿ ಕಂಪನಿಗಳಿಗಾಗಿ ಬಂಡೆಗಳನ್ನೇ ಪುಡಿ ಮಾಡುತ್ತಿದ್ದರು. ಮುಚ್ಚಿಟ್ಟ ಅನ್ನವೂ ಹಲ್ಲಿಗೆ ಕರಕರ ಎನ್ನುತ್ತಿತ್ತು.

ನಾನು ಬಂದದ್ದೂ ಧೂಳನ್ನು ಓದಲಿಕ್ಕೇ, ನಗಬೇಡಿ. ದೂರದ ಗ್ಯಾಲಕ್ಸಿಗಳ ಕೇಂದ್ರದಲ್ಲಿ ಕಪ್ಪುಕುಳಿಗಳು ದಟ್ಟ ಧೂಳು ಹೊದ್ದು ಅಡಗಿರುತ್ತವೆ. ಅವುಗಳ ಸುತ್ತಲಿನ ಧೂಳು ಕಾದು ಅವಗೆಂಪು ಬೆಳಕು ಸೂಸುತ್ತದೆ. ನಮ್ಮ ಕಣ್ಣಿಗೆ ಕಾಣದ ಅದು ದೂರದರ್ಶಕಕ್ಕೆ ಸಿಗುತ್ತದೆ. ಆದರೆ ಹೊಸ ನಕ್ಷತ್ರಗಳೂ ಧೂಳನ್ನು ಕಾಯಿಸುತ್ತವೆ. ಹಾಗಾಗಿ ನಮ್ಮ ಕಸುಬಿನಲ್ಲಿ ಧೂಳು ಕಾದಿದೆ ಎಂದರೆ ಸಾಲದು, ಕಾಯಿಸಿದ್ದು ಯಾವುದು ಎಂದು ಕೇಳಲೇಬೇಕು. ಇದನ್ನೆಲ್ಲ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷಿನಲ್ಲಿ ಹೇಳುತ್ತಿದ್ದೆ. ಕನ್ನಡ ಬಾಯಿಗೆ ಬರುತ್ತಿದ್ದದ್ದು ಮಲ್ಲಮ್ಮನ ಎದುರು ಮಾತ್ರ.

ಮಲ್ಲಮ್ಮ ಯಾದಗಿರಿ ಕಡೆಯವಳು, ಪಕ್ಕದ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಗಂಡ ಬಸಪ್ಪ ಅಲ್ಲೇ ಮಷಿನ್ನಿನಲ್ಲಿ ಗ್ರಾನೈಟ್ ಕೊಯ್ಯುತ್ತಿದ್ದ. ಭಾನುವಾರ ಅವರ ಶೆಡ್ಡಿನಲ್ಲಿ ಬಿಸಿ ಜೋಳದ ರೊಟ್ಟಿ ತಿಂದಾಗಲೇ ನನ್ನ ಹೊಟ್ಟೆ ತುಂಬಿದಂತಾಗುತ್ತಿದ್ದದ್ದು. ಬಸಪ್ಪನಿಗೆ ಬಿಡದ ಕೆಮ್ಮು. ಡಾಕ್ಟರು ಎಕ್ಸ್‌-ರೇ ನೋಡಿ ಟಿಬಿ ಎಂದು ಗುಳಿಗೆ ಕೊಟ್ಟಿದ್ದರು. ಗುಣವಾದ ಮೇಲೆ ಊರಿಗೆ ಮರಳುವುದೆಂದು ಗಂಡಹೆಂಡಿರು ಮಾತಾಡಿಕೊಂಡಿದ್ದರು. ಗುಳಿಗೆ ಮುಗಿಯುತ್ತ ಬಂತು, ಕೆಮ್ಮು ಮಾತ್ರ ಹೆಚ್ಚಿತು.

ಅವರಿಗೆ ತೆಲುಗಾಗಲಿ ಇಂಗ್ಲಿಷಾಗಲಿ ಸಾಲದೆಂದು ನಾನೂ ಡಾಕ್ಟರ ಹತ್ತಿರ ಹೋದೆ. ಕಸುಬಿನ ಚಾಳಿ ಬಿಡಬೇಕಲ್ಲ. ಎದೆಯೊಳಗೆ ಕಲೆ ಇದೆ ಸರಿ, ಅದನ್ನು ಮಾಡಿದ್ದು ಯಾವುದು ಎಂದು ಕೇಳಿದೆ. ಈತ ಕಲ್ಲು ಕೊಯ್ಯುತ್ತಾನೆಂದೂ ಹೇಳಿದೆ. ಡಾಕ್ಟರು ಫಿಲ್ಮನ್ನು ಮತ್ತೆ ಬೆಳಕಿಗೆ ಹಿಡಿದರು, ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಅಲ್ಲಿ ಟಿಬಿ ಅಲ್ಲ ಎಂದರು. ಶ್ವಾಸಕೋಶದ ತುಂಬ ಕಲ್ಲಿನ ಧೂಳು ಕೂತಿದೆ, ಅದನ್ನು ಗುಣಪಡಿಸುವ ಮದ್ದಿಲ್ಲ. ಅಷ್ಟನ್ನೂ ಕನ್ನಡದಲ್ಲಿ ಹೇಳಬೇಕಾದವಳು ನಾನೇ.

ಮಲ್ಲಮ್ಮ ಉಳಿದ ಗುಳಿಗೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

“ಟಿಬಿನ ಚೊಲೋ ಇತ್ತಲ್ರಿ, ಅಕ್ಕೋರ,” ಎಂದಳು. “ಅದಕ್ಕ ಗುಳಿಗಿ ಐತಿ.”

ಬಸಪ್ಪ ಆ ಬೇಸಿಗೆ ದಾಟಲಿಲ್ಲ. ಅದೇ ದಿನಗಳಲ್ಲಿ ನಾನು ಬೆನ್ನುಹತ್ತಿದ್ದ ಗ್ಯಾಲಕ್ಸಿಯ ಧೂಳಿನ ಹಿಂದೆ ಕಪ್ಪುಕುಳಿ ಇರುವುದು ಖಚಿತವಾಯಿತು. ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಲ್ಲಿಂದ ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ.

ಈಗ ಕಲಬುರಗಿಗೆ ಹೋದರೆ ಮಾರನೆಯ ದಿನವೇ ‘ಯಾವಾಗ ಹೊಂಟಿ’ ಎಂದು ಕೇಳುತ್ತಾರೆ. ಇಲ್ಲಿ ಮಾಲಕಿ ‘ಊರಿಗೆ ಯಾವಾಗ’ ಎನ್ನುತ್ತಾರೆ. ಎರಡೂ ಕಡೆ ನಾನು ನೆಂಟಳು. ಮಲ್ಲಮ್ಮನಿಗೂ ನಾನು ಅದೇ ಪ್ರಶ್ನೆ ಕೇಳಿದೆ; ಬಾ, ಯಾದಗಿರಿತನಕ ಬಸ್ಸಿನಲ್ಲಿ ಜೊತೆಗೆ ಬರುತ್ತೇನೆ ಎಂದೆ. ಅವಳು ಇಟ್ಟಿಗೆಯ ಬುಟ್ಟಿ ಕೆಳಗಿಟ್ಟು ನನ್ನನ್ನು ನೋಡಿದಳು.

“ಎಲ್ಲಿಗಂತ ಹೋಗ್ಲಿರಿ? ಅವರನ್ನ ಇಲ್ಲೇ ಮಣ್ಣು ಮಾಡೀನಿ. ಇನ್ನ ಇದಾ ನಮ್ಮೂರು.”